ಕಡಲಿನ ರಕ್ಷಿತ ಪ್ರದೇಶಕ್ಕೆ ಅಂಕ ಕೊಡುವುದು ಹೇಗೆ?

ಪ್ರಶ್ನೆ: ತಮಿಳುನಾಡಿನ ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದಂಥ ಕಡೆ ನಿರ್ವಹಣೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ? ನೀರಿನಲ್ಲಿ ಬೇಲಿಯೂ ಇರುವುದಿಲ್ಲವಲ್ಲ!

ಉತ್ತರ: ನಮ್ಮ ದೇಶದ ಮೌಲ್ಯಮಾಪನ ಪದ್ಧತಿ ಆರು ಅಂಶ ನೋಡುತ್ತದೆ: ಹಿನ್ನೆಲೆ, ಯೋಜನೆ, ಸಂಪನ್ಮೂಲ, ಕಾರ್ಯವಿಧಾನ, ಆದ ಕೆಲಸ, ಫಲಿತಾಂಶ. ಪ್ರತಿ ಪ್ರಶ್ನೆಗೆ 2.5, 5, 7.5 ಅಥವಾ 10 ಅಂಕ.

ಎಡವುವುದು ಹೆಚ್ಚಾಗಿ ಕೊನೆಯ ಎರಡರಲ್ಲಿ. ಗಸ್ತು ದೋಣಿ ಎಷ್ಟು ಗಂಟೆ ಓಡಿತು ಎಂಬುದು ಆದ ಕೆಲಸ. ಹವಳ, ಮೀನು ಉಳಿದವೇ ಎಂಬುದು ಫಲಿತಾಂಶ. ಲಾಗ್ ಪುಸ್ತಕ ತುಂಬಿದೆ ಎಂದು ಎರಡಕ್ಕೂ ಪೂರ್ತಿ ಅಂಕ ಕೊಟ್ಟರೆ ಇಡೀ ಲೆಕ್ಕ ಕೆಡುತ್ತದೆ.

ಹವಳ ಉಳಿದಿದೆಯೇ ಎಂದು ಅಳೆಯಲು 100 ಮೀಟರ್ ಟೇಪನ್ನು ಕಡಲ ತಳದಲ್ಲಿ ಒಂದೇ ಆಳದಲ್ಲಿ ಹಾಸಿ. 20 ಮೀಟರಿನ ನಾಲ್ಕು ಭಾಗ, ನಡುನಡುವೆ 5 ಮೀಟರ್ ಬಿಡುವು. ಅರ್ಧ ಮೀಟರಿಗೊಮ್ಮೆ ಟೇಪಿನ ಕೆಳಗೆ ಜೀವಂತ ಹವಳವಿದೆಯೇ, ಸತ್ತದ್ದೇ, ಮರಳೇ, ಪಾಚಿಯೇ ಎಂದು ಬರೆದುಕೊಳ್ಳಿ. ಒಟ್ಟು 160 ಬಿಂದು. ಟೇಪ್ ಸಡಿಲವಾದರೆ ಅಲೆಗೆ ತೂಗಾಡಿ ಬಿಂದು ಜಾರುತ್ತದೆ, ಬಿಗಿಯಾಗಿ ಎಳೆದು ಕಟ್ಟಿ. ಮುಂದಿನ ವರ್ಷವೂ ಅದೇ ಜಾಗ, ಅದೇ ತಿಂಗಳು.

ಉದ್ಯಾನದ ಹೊರಗೂ ಇದೇ ಅಳತೆ ಬೇಕೇ ಬೇಕು. 2016ರಲ್ಲಿ ನೀರು ಕಾದು ಮನ್ನಾರ್ ಕೊಲ್ಲಿಯ ಹವಳ ಬಿಳಿಚಿಕೊಂಡಿತು, ಸಾಕಷ್ಟು ಸತ್ತೂ ಹೋಯಿತು. ಅದು ಕಾವಲಿನವರ ತಪ್ಪಲ್ಲ. ಹೊರಗಿನ ಅಂಕಿ ಕೈಲಿಲ್ಲದಿದ್ದರೆ ಬಿಸಿ ನೀರಿನ ಹಾನಿ ಯಾವುದು, ಬಲೆ-ಲಂಗರಿನ ಹಾನಿ ಯಾವುದು ಎಂದು ಬಿಡಿಸಲಾಗದು.

ಮೀನುಗಾರರನ್ನೂ ತಪ್ಪದೆ ಕೇಳಿ. ಉದ್ಯಾನದ 21 ದ್ವೀಪಗಳಲ್ಲಿ ಯಾವುದರ ಬಳಿ ರಾತ್ರಿ ಬಲೆ ಬೀಳುತ್ತದೆ ಎಂಬುದು ಅಧಿಕಾರಿಗಿಂತ ಮೊದಲು ಅವರಿಗೇ ಗೊತ್ತು.