ಕೆಆರ್‌ಎಸ್ ಮಟ್ಟ, ಕೆಟ್ಟ ನಿದ್ದೆ

ಪ್ರಶ್ನೆ: ನಾನು ಮದ್ದೂರು ಕಡೆಯವನು, ವಯಸ್ಸು 24, ಮೈಸೂರಿನಲ್ಲಿ ಕೆಲಸ. ಊರಲ್ಲಿ ಅಪ್ಪ ಪಂಪ್‌ಸೆಟ್ ನೀರಲ್ಲಿ ಭತ್ತ ಬೆಳೆಯುತ್ತಾರೆ. 2023ರ ಬರ ಕಂಡ ಮೇಲೆ ದಿನವೂ ಎದ್ದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುತ್ತೇನೆ. ರಾತ್ರಿ ಹಿಮ ಕರಗುವ ವಿಡಿಯೊಗಳು. ನಿದ್ದೆಯಿಲ್ಲ. ನಾನೊಬ್ಬ ಏನು ಮಾಡಿದರೆ ಏನು ಬಂತು? ಸ್ನೇಹಿತ ಕೊಟ್ಟ ನಿದ್ದೆ ಮಾತ್ರೆ ತಗೊಳ್ಳಲಾ?

ಉತ್ತರ: ಬೇಡ. ಆಲ್ಪ್ರಜೋಲಂ ಥರದ ಮಾತ್ರೆ ಹಂಚಿಕೊಂಡು ತಿನ್ನುವ ಪದಾರ್ಥ ಅಲ್ಲ, ಚಟ ಹಿಡಿಯುತ್ತದೆ. ಹೀಗೆ ಶುರು ಮಾಡಿ ಬಿಡಲಾಗದೆ ಬಂದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

‘ಪಾಸಿಟಿವ್ ಆಗಿ ಯೋಚಿಸು’ ಅನ್ನುವವರಿಗೂ ಕಿವಿಗೊಡಬೇಡಿ. ಆ ವರ್ಷ ಅಣೆಕಟ್ಟೆ ತನ್ನ ಪೂರ್ಣ ಮಟ್ಟ 124.80 ಅಡಿ ಮುಟ್ಟಲೇ ಇಲ್ಲ. ರೈತನ ಮಗನಿಗೆ ಭಯ ಆಗದಿದ್ದರೇನೇ ಆಶ್ಚರ್ಯ. 2021ರಲ್ಲಿ ಭಾರತವೂ ಸೇರಿ 10 ದೇಶಗಳ 16ರಿಂದ 25 ವರ್ಷದ 10,000 ಮಂದಿಯನ್ನು ಕೇಳಿದಾಗ, ಹವಾಮಾನದ ಬಗ್ಗೆ ತುಂಬಾ ಚಿಂತೆ ಇದೆ ಅಂದವರು ಶೇ 59. ಇದು ಹುಚ್ಚಲ್ಲ.

ಆದರೆ ಕೆಆರ್‌ಎಸ್ ತುಂಬುವುದು ಕೊಡಗು, ಹಾಸನದ ಮಳೆಗೆ. ನೀವು ಮೊಬೈಲ್ ಉಜ್ಜಿದರೆ ಒಂದಿಂಚೂ ಏರಲ್ಲ. ವಾರಕ್ಕೊಮ್ಮೆ ನೋಡಿ, ಸಾಕು. ರಾತ್ರಿ ಫೋನು ಹಾಸಿಗೆಯಿಂದ ದೂರ ಇರಲಿ.

ಇನ್ನು ‘ನಾನೊಬ್ಬ’ ಅನ್ನುವುದು. ಒಬ್ಬರೇ ಮಾಡಿ ಅಂತ ಹೇಳಿದವರ‍್ಯಾರು? ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣ ಅಂತ ಕೂತರೆ ಅದು ಬರುವುದೇ ಇಲ್ಲ. ಕೈಯಿಟ್ಟ ಮೇಲೆ ಬರುತ್ತದೆ. ಅದೂ ನಾಲ್ಕು ಜನರ ಜೊತೆ ಇದ್ದರೆ ಉಳಿಯುತ್ತದೆ. ನಿಮ್ಮ ಗದ್ದೆಯನ್ನೇ ನೋಡಿ. ಸದಾ ನೀರು ನಿಂತ ಭತ್ತದ ಗದ್ದೆಯ ಮಣ್ಣಿಗೆ ಗಾಳಿ ಆಡುವುದಿಲ್ಲ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹುಟ್ಟುತ್ತದೆ. ತೂತು ಕೊರೆದ ಪೈಪ್ ತುಂಡೊಂದನ್ನು ಗದ್ದೆಯಲ್ಲಿ ಹೂಳಿ, ಅದರೊಳಗೆ ನೀರು ಮಣ್ಣಿನಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಹಾಯಿಸುವ ಪದ್ಧತಿ ಇದೆ. ಹೂ ಬಿಡುವಾಗ ಮಾತ್ರ ಗದ್ದೆಯಲ್ಲಿ ನೀರು ನಿಂತಿರಬೇಕು. ನೀರೂ ಉಳಿಯುತ್ತದೆ, ಮೀಥೇನೂ ಕಡಿಮೆ. ನಾನು ಮನಸ್ಸಿನ ಡಾಕ್ಟ್ರು, ಗದ್ದೆಯದ್ದಲ್ಲ. ವಿವರವನ್ನು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಅಪ್ಪನನ್ನೂ ಕರೆದುಕೊಂಡು ಹೋಗಿ. ಮೊದಲು ಒಂದೇ ಮಡಿಯಲ್ಲಿ ಮಾಡಿ. ಪಕ್ಕದ ಗದ್ದೆಯವರು ಬಂದು ಬಗ್ಗಿ ನೋಡದೆ ಇರುತ್ತಾರಾ?

ನಾನು ಅವಸರಪಡಿಸುವುದು ಒಂದಕ್ಕೇ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಸರಿಹೋಗದಿದ್ದರೆ ಡಾಕ್ಟ್ರನ್ನು ಕಾಣಿ. ಸಾಯುವ ಯೋಚನೆ ಬಂದರೆ ಅಷ್ಟು ದಿನ ಕಾಯುವ ಹಾಗಿಲ್ಲ. ತಕ್ಷಣ ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಭೂಮಿಯ ಗತಿ ನೋಡಿದರೆ ಮಕ್ಕಳೇ ಬೇಡ ಅನಿಸುತ್ತದೆ.

ಉತ್ತರ: ಗಂಡ ಹೆಂಡತಿ ಕೂತು ಮಾತಾಡಿ. ನಿದ್ದೆಗೆಟ್ಟ ತಿಂಗಳಲ್ಲಿ ತೀರ್ಮಾನ ಬೇಡ.

ಪ್ರಶ್ನೆ: ಈ ಆತಂಕಕ್ಕೆ ‘ಭೂಶಕ್ತಿ’ ಕಲ್ಲಿನ ಬ್ರೇಸ್‌ಲೆಟ್ ಕೊಟ್ಟಿದ್ದಾರೆ. ಎಷ್ಟು ದಿನ ಹಾಕಬೇಕು?

ಉತ್ತರ: ಇವತ್ತೇ ಬಿಚ್ಚಿ. ಬಿಲ್ ಇದ್ದರೆ ದುಡ್ಡು ವಾಪಸ್ ಕೇಳಿ.