ಮೆಲ್ಟ್ ಫ್ಲೋ ರೇಟ್ 24 ಇದ್ದದ್ದನ್ನು 30 ಮಾಡಿದರೆ ಪೇಟೆಂಟ್ ಸಿಗುತ್ತಾ?

ಕೆಮೋರ್ಸ್, ಡೈಕಿನ್ ಅನ್ನೋ ಎರಡು ರಾಸಾಯನಿಕ ಕಂಪನಿಗಳ ನಡುವಿನ ಅಮೆರಿಕದ ಪೇಟೆಂಟ್ ಕೇಸ್ ಬಗ್ಗೆ ನೀವು ಕೇಳಿದ್ದೀರಿ. ಹಳೆಯ ಪೇಟೆಂಟ್‌ನ ಪಾಲಿಮರ್‌ನಲ್ಲಿ ಮೆಲ್ಟ್ ಫ್ಲೋ ರೇಟ್ (ಕರಗಿದಾಗ ಎಷ್ಟು ಹರಿಯುತ್ತೆ ಅನ್ನೋ ಅಳತೆ) 24, ಕೆಮೋರ್ಸ್ ಕ್ಲೇಮ್‌ನಲ್ಲಿ ಸುಮಾರು 30. ಕ್ಲೇಮ್ ಅಂದರೆ ಪೇಟೆಂಟ್‌ನಲ್ಲಿ ಇದು ನನ್ನದು ಅಂತ ಹಕ್ಕು ಕೇಳುವ ಭಾಗ. ಇಷ್ಟು ಯಾರಿಗಾದರೂ ಹೊಳೆಯುತ್ತಿತ್ತು, ಅಲ್ವಾ ಅಂತ. ಈ ಕ್ಷೇತ್ರದವರಿಗೆ ಸುಲಭವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಸಿಗಲ್ಲ.

ನಾನು ಪೇಟೆಂಟ್ ಹುಡುಕಾಟದ ಕೆಲಸದಲ್ಲಿದ್ದೇನೆ. ಅಮೆರಿಕದ ಪೇಟೆಂಟ್ ಕಚೇರಿಯ ಬೋರ್ಡ್ ಕೂಡ ನಿಮ್ಮ ಹಾಗೇ ಹೇಳಿತ್ತು. ಆದರೆ 2021ರಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಕೋರ್ಟ್ ಆದ ಫೆಡರಲ್ ಸರ್ಕ್ಯೂಟ್ ಆ ತೀರ್ಮಾನವನ್ನು ತಿರುಗಿಸಿತು.

ಆ ಪಾಲಿಮರ್ ಎಫ್‌ಇಪಿ. ಕೇಬಲ್ ತಂತಿಗೆ ಹೊದಿಸುವ ಫ್ಲೋರಿನ್ ಪ್ಲಾಸ್ಟಿಕ್. ಅದನ್ನು ಕರಗಿಸಿ, ಮೇಲೆ ತೂಕ ಇಟ್ಟು, ಸಣ್ಣ ತೂತಿನಿಂದ 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯುತ್ತೆ ಅಂತ ನೋಡ್ತಾರೆ, ಅದೇ ಮೆಲ್ಟ್ ಫ್ಲೋ ರೇಟ್. ಜಾಸ್ತಿ ಹರಿದರೆ ತಂತಿಗೆ ಬೇಗ ಬೇಗ ಹೊದಿಸಬಹುದು. ಹಾಗಿದ್ದಮೇಲೆ 30ಕ್ಕೆ ಏರಿಸೋಕೆ ಏನಡ್ಡಿ?

ಅಡ್ಡಿ ಹಳೆಯ ಪೇಟೆಂಟ್‌ನಲ್ಲೇ ಇತ್ತು. ಪಾಲಿಮರ್ ಅಣುಗಳ ಉದ್ದ ಗಿಡ್ಡ ಸರಪಳಿಗಳು ಬೆರೆತಿರದೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು, ಅಂದರೆ ಅಣುತೂಕದ ಹರವು ತುಂಬಾ ಕಿರಿದಾಗಿರಬೇಕು, ಅನ್ನೋದೇ ಅದರ ಜೀವಾಳ. ಗೊತ್ತಿದ್ದ ದಾರಿಗಳಲ್ಲಿ ಹರಿವು ಏರಿಸಿದರೆ ಆ ಹರವು ಅಗಲ ಆಗುತ್ತೆ. ಆ ಪೇಟೆಂಟ್ ಓದಿದ ಕೆಮಿಸ್ಟ್ ಅದರ ಮುಖ್ಯ ಗುಣವನ್ನೇ ಕೆಡಿಸಿ 30ಕ್ಕೆ ಯಾಕೆ ಹೋಗ್ತಾನೆ? ಬೋರ್ಡ್ ಇದಕ್ಕೆ ಸರಿಯಾದ ಕಾರಣ ಕೊಡಲಿಲ್ಲ. (ಮೂವರು ಜಡ್ಜ್‌ಗಳಲ್ಲಿ ಒಬ್ಬರು ಈ ಭಾಗವನ್ನು ಒಪ್ಪಲಿಲ್ಲ. ಅವರ ವಾದವನ್ನೂ ಓದಿ, ತಳ್ಳಿಹಾಕುವಂಥದ್ದಲ್ಲ.)

ಹಾಗಂತ ಅಂಕಿ ಬದಲಾಯಿಸಿದವರೆಲ್ಲ ಗೆಲ್ಲಲ್ಲ. 2018ರ ಡ್ಯುಪಾಂಟ್-ಸಿನ್ವಿನಾ ಕೇಸ್ ನೋಡಿ. ಪಿಇಎಫ್ ಪಾಲಿಮರ್‌ಗೆ (ಅದೂ ಒಂದು ಪ್ಲಾಸ್ಟಿಕ್) ಬೇಕಾದ ಕಚ್ಚಾ ರಾಸಾಯನಿಕ ಎಫ್‌ಡಿಸಿಎ ಮಾಡುವ ವಿಧಾನ. ಕ್ಲೇಮ್‌ನಲ್ಲಿ ಉಷ್ಣತೆ 140ರಿಂದ 200 ಡಿಗ್ರಿ ಸೆಲ್ಸಿಯಸ್, ಹಳೆಯ ದಾಖಲೆಯಲ್ಲಿ 50ರಿಂದ 250. ಹೊಸದು ಹಳೆಯದರ ಹೊಟ್ಟೆಯೊಳಗೇ ಕೂತಿದೆ. ಹೀಗಿದ್ದಾಗ ಈ ಅಳತೆಯಲ್ಲಿ ಯಾರೂ ಊಹಿಸದ ಫಲ ಬಂತು ಅಂತಲೋ, ಹಳೆಯ ದಾಖಲೆಯೇ ಬೇಡ ಅಂದಿತ್ತು ಅಂತಲೋ ಪೇಟೆಂಟ್‌ದಾರನೇ ತೋರಿಸಬೇಕು. ತೋರಿಸೋಕೆ ಆಗಲಿಲ್ಲ, ಕ್ಲೇಮ್‌ಗಳು ಬಿದ್ದವು.

ಕೆಮೋರ್ಸ್ ತೀರ್ಪಲ್ಲಿ ಇನ್ನೊಂದು ಮಾತಿದೆ, ಜನ ಸುಮ್ನೆ ದಾಟಿಹೋಗ್ತಾರೆ. ಮಾರಾಟ ಚೆನ್ನಾಗಿದ್ದರೆ ಅದು ಎಲ್ಲರಿಗೂ ಹೊಳೆಯುವಂಥದ್ದಲ್ಲ ಅನ್ನೋದಕ್ಕೆ ಒಂದು ಸಾಕ್ಷಿ. ಹಾಗೆ ಮಾರಾಟ ಚೆನ್ನಾಗಿತ್ತು ಅಂತ ತೋರಿಸಲು ಮಾರುಕಟ್ಟೆ ಪಾಲಿನ ಲೆಕ್ಕ ಕೊಡಲೇಬೇಕು ಅಂತ ಬೋರ್ಡ್ ಪಟ್ಟು ಹಿಡಿದಿತ್ತು. ಕೋರ್ಟ್ ಅದನ್ನೂ ತಪ್ಪು ಅಂದಿತು.