ಸಂಪಾದಕರ ಉತ್ತರ: ಕಾಡಿನಲ್ಲಿ ನೇರಳೆ ಬಟ್ಟೆ ಯಾಕೆ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಸಾರಾಂಶ ಇಷ್ಟು: ‘ಹೋದ ಸಂಚಿಕೆಯಲ್ಲಿ ಸೂಪರ್‌ಹೀರೋಗಳ ಕತೆ 1938ರಲ್ಲಿ ಸೂಪರ್‌ಮ್ಯಾನ್‌ನಿಂದ ಶುರುವಾಯಿತು ಅಂತ ಬರೆದಿದ್ದೀರಿ. ಅದಕ್ಕೂ ಮೊದಲೇ ಕಾಮಿಕ್ಸ್‌ನ ಮುಸುಕುಧಾರಿ ನಾಯಕ ಫ್ಯಾಂಟಮ್ ಇರಲಿಲ್ವೇ? ನನ್ನ ಮೊಮ್ಮಗ, ಫ್ಯಾಂಟಮ್‌ಗೆ ಹಾರೋಕೆ ಬರಲ್ಲ, ಗುಂಡು ತಗುಲಿದ್ರೆ ಸಾಯ್ತಾನೆ, ಅವನೆಂಥ ಸೂಪರ್‌ಹೀರೋ ತಾತ ಅಂತಾನೆ. ತೀರ್ಪು ನೀವೇ ಕೊಡಿ. ಹಾಗೇ, ಕಾಡಿನಲ್ಲಿ ಅಡಗಿ ಓಡಾಡುವವನು ಎದ್ದು ಕಾಣುವ ನೇರಳೆ ಬಟ್ಟೆ ಯಾಕೆ ಹಾಕಿಕೊಂಡ ಅನ್ನೋದನ್ನೂ ತಿಳಿಸಿ.’

ಮೇಷ್ಟ್ರೇ, ನಮಸ್ಕಾರ. ಆ ಸಾಲು ಬರೆದವನು ನಾನೇ. ಕೆಂಪು ಇಂಕಿನಲ್ಲಿ ಗೀಟು ಎಳೆದು ಪುಟವನ್ನೂ ಲಗತ್ತಿಸಿದ್ದೀರಿ, ತಪ್ಪಿಸಿಕೊಳ್ಳುವ ಹಾಗಿಲ್ಲ. ಫ್ಯಾಂಟಮ್ ಮೊದಲು ಬಂದ, ನಿಜ. 1936ರ ಫೆಬ್ರವರಿ 17ರಂದು ಅಮೆರಿಕದ ಪತ್ರಿಕೆಗಳಲ್ಲಿ ದಿನಕ್ಕೊಂದು ಚಿತ್ರಕತೆಯ ಪಟ್ಟಿಯಾಗಿ (ಕಾಮಿಕ್ ಸ್ಟ್ರಿಪ್) ಶುರುವಾದ. ಬರೆದವರು ಲೀ ಫಾಕ್, ಚಿತ್ರ ರೇ ಮೂರ್ ಅವರದು. ಫಾಕ್‌ಗೆ ಆಗ ಇನ್ನೂ 24 ವರ್ಷ. ಅದಕ್ಕೂ ಎರಡು ವರ್ಷ ಮೊದಲೇ ಜಾದೂಗಾರ ಮ್ಯಾಂಡ್ರೇಕ್‌ನನ್ನು ಕಣಕ್ಕಿಳಿಸಿ ಗೆದ್ದಿದ್ದರು.

ತಮಾಷೆ ಅಂದರೆ, ಮೊದಲ ಕತೆ ಶುರುವಾದಾಗ ಫ್ಯಾಂಟಮ್ ಯಾರು ಅಂತ ಫಾಕ್‌ಗೇ ಗಟ್ಟಿಯಾಗಿರಲಿಲ್ಲ. ಕತೆಯಲ್ಲಿ ಜಿಮ್ಮಿ ವೆಲ್ಸ್ ಅಂತ ಒಬ್ಬ ಸೋಮಾರಿ ಶ್ರೀಮಂತ ಹುಡುಗನಿದ್ದ. ಹಗಲು ಮಜಾ, ರಾತ್ರಿ ಮುಸುಕು ಹಾಕಿಕೊಂಡು ಕಳ್ಳರ ಬೇಟೆ, ಅವನೇ ಫ್ಯಾಂಟಮ್, ಇದು ಫಾಕ್ ಲೆಕ್ಕ. ಕತೆ ಅರ್ಧ ದಾರಿಗೆ ಬಂದಾಗ ಮನಸ್ಸು ಬದಲಾಯಿತು. ನಾಯಕನನ್ನು ಸೀದಾ ಕಾಡಿಗೆ ಕಳಿಸಿದರು. ಜಿಮ್ಮಿ ಪಾಪ, ಸುಮ್ನೆ ಉಳಿದುಬಿಟ್ಟ. ಅಂಥದೇ ಹಗಲು-ರಾತ್ರಿ ವೇಷ 1939ರಲ್ಲಿ ಬ್ಯಾಟ್‌ಮ್ಯಾನ್‌ಗೆ ಬಂತು.

ಈಗ ಬಟ್ಟೆ ವಿಷಯ. ದಿನದ ಪಟ್ಟಿಗಳು ಕಪ್ಪು-ಬಿಳುಪು. ಹಾಗಾಗಿ ಮೂರು ವರ್ಷ ಅವನ ಬಟ್ಟೆಯ ಬಣ್ಣ ಯಾವುದು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. ಕಾಡಿನ ನೆರಳಿಗೆ ಅದು ಸರಿ, ಅಲ್ವಾ? 1939ರ ಮೇ ತಿಂಗಳಲ್ಲಿ ಭಾನುವಾರದ ಬಣ್ಣದ ಪುಟ ಶುರುವಾಯಿತು. ಅಚ್ಚಾಗಿ ಬಂದಾಗ ನೋಡಿದರೆ ನೇರಳೆ! ಅದೇ ನಿಂತುಹೋಯಿತು. ಎಲ್ಲ ಕಡೆಯೂ ಅಲ್ಲ ಅನ್ನಿ. ಸ್ವೀಡನ್ನಿನ ಓದುಗರಿಗೆ ಅವನು ನೀಲಿ, ಇಟಲಿಯವರಿಗೆ ಕೆಂಪು. ಒಟ್ಟಿನಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಕಾಡಿನಲ್ಲಿಲ್ಲ, ಅಚ್ಚಿನ ಮನೆಯಲ್ಲಿದೆ. ಮುಖವಾಡದೊಳಗೆ ಕಣ್ಣಿನ ಪಾಪೆ ಕಾಣಿಸದೆ ಬರೀ ಬಿಳಿ ಇರುತ್ತದಲ್ಲ, ಅದು ಮಾತ್ರ ಫಾಕ್ ಬೇಕೆಂದೇ ಮಾಡಿದ್ದು. ಗ್ರೀಕ್ ಶಿಲೆಗಳ ಖಾಲಿ ಕಣ್ಣು ನೋಡಿ ಹೊಳೆದದ್ದಂತೆ.

ಹಾಗಾದರೆ ಸೂಪರ್‌ಮ್ಯಾನ್ ಲೆಕ್ಕಕ್ಕಿಲ್ವಾ? ಇದ್ದಾನೆ. ಜೆರ್ರಿ ಸೀಗಲ್, ಜೋ ಶುಸ್ಟರ್ ಅನ್ನುವ ಕ್ಲೀವ್‌ಲ್ಯಾಂಡ್ ಹುಡುಗರು ಅವನನ್ನೂ ಪತ್ರಿಕೆಯ ಪಟ್ಟಿಗೆಂದೇ ಬರೆದಿದ್ದರು. ಯಾರೂ ಕೊಳ್ಳಲಿಲ್ಲ. ಕೊನೆಗೆ ಆ ಪಟ್ಟಿಗಳನ್ನು ಕತ್ತರಿಸಿ, ಅಂಟಿಸಿ, ಕಾಮಿಕ್ ಪುಸ್ತಕದ 13 ಪುಟಕ್ಕೆ ಹೊಂದಿಸಿ ಕೊಟ್ಟರು. ಪುಟಕ್ಕೆ 10 ಡಾಲರಿನಂತೆ 130 ಡಾಲರ್ ಸಿಕ್ಕಿತು, ಹಕ್ಕೆಲ್ಲ ಪ್ರಕಾಶಕರ ಪಾಲಾಯಿತು. ಆ ಮೊದಲ ಸಂಚಿಕೆಯ ಮುಖಪುಟ ನೋಡಿರಬಹುದು: ಹಸಿರು ಕಾರೊಂದನ್ನು ತಲೆ ಮೇಲೆ ಎತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ. ಮುಂದುಗಡೆ ಒಬ್ಬ ತಲೆ ಹಿಡಿದುಕೊಂಡು ನಮ್ಮ ಕಡೆಗೇ ಓಡಿ ಬರುತ್ತಿದ್ದಾನೆ. ನಿಮ್ಮ ಮೊಮ್ಮಗನಿಗೆ ಇದನ್ನೂ ಹೇಳಿ, ಆಗ ಸೂಪರ್‌ಮ್ಯಾನ್‌ಗೂ ಹಾರೋಕೆ ಬರುತ್ತಿರಲಿಲ್ಲ! ನೆಗೆಯುತ್ತಿದ್ದ, ಅಷ್ಟೆ. ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್.

ತೀರ್ಪು ಕೇಳಿದ್ದೀರಿ. ಮೈಗಂಟಿದ ಬಟ್ಟೆ, ಮುಖವಾಡ, ಗುಟ್ಟಿನ ನೆಲೆ ಇವೆಲ್ಲ ಒಂದೇ ಮೈಮೇಲೆ ಫ್ಯಾಂಟಮ್‌ನಲ್ಲಿ ಮೊದಲೇ ಇದ್ದವು. ಮನುಷ್ಯನಿಗೆ ಮೀರಿದ ಬಲವನ್ನು ಅದಕ್ಕೆ ಸೇರಿಸಿ, ಆಮೇಲೆ ಬಂದವರಿಗೆಲ್ಲ ಅಚ್ಚು ಹಾಕಿಕೊಟ್ಟವನು ಸೂಪರ್‌ಮ್ಯಾನ್. ನನ್ನ ಸಾಲು ಅರ್ಧ ತಪ್ಪು, ಅರ್ಧ ಸರಿ. ಅರ್ಧ ಮಾರ್ಕ್ಸ್ ಕೊಡಿ ಮೇಷ್ಟ್ರೇ.

ಆದರೆ ಮೊಮ್ಮಗನ ಮಾತನ್ನು ನಾನು ಒಪ್ಪಲಾರೆ. ಗುಂಡು ತಗುಲಿದರೆ ಸಾಯುತ್ತಾನೆ, ಹೌದು. ಇಪ್ಪತ್ತು ಜನ ಸತ್ತಿದ್ದಾರೆ ಕೂಡ. ನಾವು ಓದುವವನು 21ನೆಯವನು. 1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಬದುಕಿ ದಡ ಸೇರಿದ ಮೊದಲನೆಯವನು, ಅಪ್ಪನ ಕೊಲೆಗಾರನ ತಲೆಬುರುಡೆ ಮುಟ್ಟಿ ಆಣೆ ಮಾಡಿದ. ಆಮೇಲೆ ಅಪ್ಪ ಸತ್ತರೆ ಮಗ ಅದೇ ಬಟ್ಟೆ, ಅದೇ ಉಂಗುರ ಹಾಕಿಕೊಂಡು ಹೊರಗೆ ಬರುತ್ತಾನೆ. ಊರವರಿಗೆ ಗೊತ್ತಾಗುವುದೇ ಇಲ್ಲ. 400 ವರ್ಷದಿಂದ ಒಬ್ಬನೇ ಓಡಾಡುತ್ತಿದ್ದಾನೆ ಅಂತ ನಂಬಿದ್ದಾರೆ. ಅವನ ಮುಷ್ಟಿಗಿಂತ ಈ ಗಾಳಿಸುದ್ದಿಗೇ ಕಳ್ಳರು ಜಾಸ್ತಿ ಹೆದರುತ್ತಾರೆ. ಅವನ ಗುಟ್ಟಿನ ನೆಲೆಯಾದ ಬುರುಡೆ ಗುಹೆಯಲ್ಲಿ ಸಾಲಾಗಿ ಇಪ್ಪತ್ತು ಸಮಾಧಿ, ಇಪ್ಪತ್ತೊಂದನೆಯ ಜಾಗ ಖಾಲಿ. ಚಿಕ್ಕಂದಿನಲ್ಲಿ ಆ ಚಿತ್ರ ನೋಡಿ ನಾನು ಒಂದು ರಾತ್ರಿ ನಿದ್ದೆ ಮಾಡಿಲ್ಲ. ಸೂಪರ್‌ಮ್ಯಾನ್ ಯಾವತ್ತೂ ನನ್ನ ನಿದ್ದೆ ಕೆಡಿಸಲಿಲ್ಲ.

ಈಗ ಓದಿದರೆ ಕಿರಿಕಿರಿಯೂ ಆಗುತ್ತದೆ. ತಲೆತಲಾಂತರದಿಂದ ಒಬ್ಬ ಬಿಳಿಯ ನ್ಯಾಯ ಹೇಳಬೇಕು, ಕಾಡಿನವರು ಕೇಳಬೇಕು. ಫ್ಯಾಂಟಮ್‌ನ ಕಾಡಿನ ಗೆಳೆಯ ಗುರಾನ್‌ನ ಪಂಗಡಕ್ಕೆ ‘ಬಂದರ್’ ಅಂತ ಹೆಸರು, ಹಿಂದಿಯಲ್ಲಿ ಹಾಗಂದರೆ ಕೋತಿ. ಮ್ಯಾಂಡ್ರೇಕ್‌ನ ಆಫ್ರಿಕನ್ ಜೊತೆಗಾರ ಲೋಥಾರ್‌ಗೆ ಶುರುವಿನಲ್ಲಿ ಚಿರತೆ ಚರ್ಮ ಸುತ್ತಿ, ಹರಕು ಮುರುಕು ಇಂಗ್ಲಿಷ್ ಮಾತಾಡಿಸುತ್ತಿದ್ದರು. ಕಾಲ ಬದಲಾದ ಮೇಲೆ ಅದನ್ನು ತಿದ್ದಿದರು.

ನಮ್ಮಲ್ಲೂ ತಿದ್ದುಪಡಿ ನಡೆದಿದೆ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ನೀವು ಓದಿದ್ದು ‘ಡೆಂಕಾಲಿ’ ಕಾಡು. ಮೂಲದಲ್ಲಿ ಅದು ‘ಬೆಂಗಾಲ’. ಕಡಲ್ಗಳ್ಳರು ‘ಸಿಂಗ್’ಗಳು, ಇಲ್ಲಿ ‘ಸಿಂಗ’ ಆದರು. ಹಾಗೇ ಬಿಟ್ಟಿದ್ದರೆ ಎಷ್ಟು ಕಾಗದ ಬರುತ್ತಿತ್ತೋ! ಆಗ ಇಂದ್ರಜಾಲ ಹೊರತಂದ ಪ್ರಕಾಶನದಲ್ಲಿ ಕೆಲಸದಲ್ಲಿದ್ದವರು ನಮ್ಮ ಕಾರ್ಕಳದ ಅನಂತ ಪೈ. ಮುಂದೆ ಅಮರ ಚಿತ್ರಕಥೆಯಿಂದ ಹೆಸರಾದರು.

ನಿಮ್ಮ ಹತ್ತಿರ ಹಳೆಯ ಸಂಚಿಕೆಗಳ ಬೈಂಡ್ ಇದೆ ಅಂತ ಬರೆದಿದ್ದೀರಿ. ನನ್ನ ಹತ್ತಿರ ಇರುವುದು ಒಂದೇ ಒಂದು, ಬಾಡಿಗೆ ಲೈಬ್ರರಿಯಿಂದ ತಂದದ್ದು. ಕೊನೆ ಹಾಳೆ ಹರಿದಿದೆ ಅಂತ ನನ್ನ ಕೈಲೇ ದಂಡ ಕಟ್ಟಿಸಿಕೊಂಡರು, ನಾನು ತಂದಾಗಲೇ ಅದು ಹರಿದಿತ್ತು. ಸಿಟ್ಟಿಗೆ ಪುಸ್ತಕ ವಾಪಸ್ ಕೊಡಲೇ ಇಲ್ಲ. ಫ್ಯಾಂಟಮ್‌ನ ತೋಳ ಡೆವಿಲ್‌ನನ್ನು ಬಲೆಯಲ್ಲಿ ಹಿಡಿದು ಹಡಗಿಗೆ ಏರಿಸುತ್ತಾರೆ, ಫ್ಯಾಂಟಮ್ ಈಜಿಕೊಂಡು ಹಿಂದೆ ಬರುತ್ತಾನೆ, ಅಲ್ಲಿಗೆ ಪುಟ ಮುಗಿಯುತ್ತದೆ. ನಿಮ್ಮ ಬೈಂಡಿನಲ್ಲಿ ಆ ಕತೆ ಇದ್ದರೆ, ಮುಂದೇನಾಯಿತು ಅಂತ ಒಂದು ಕಾರ್ಡು ಹಾಕಿ.